ಮಾಳಿಗೆಯ ಕಿಟಕಿ

೫ ಜೂನ್ ೧೯೭೮, ತಿಕೋಟಾ

ರಾಮಲಿಂಗ, ರಾಮಲಿಂಗ, ರಾಮಲಿಂಗ! ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದೆಂದು ಅತ್ತೆ ನಿನ್ನೆ ಕಟ್ಟಪ್ಪಣೆ ಮಾಡಿದ್ದಾರೆ. ಬರೆಯಬಾರದೆಂದು ಯಾರೂ ಹೇಳಿಲ್ಲವಲ್ಲ! ಅದಕ್ಕೇ ಈ ಹೊಸ ಡೈರಿಯನ್ನು ಆ ಹೆಸರಿನಿಂದಲೇ ಶುರು ಮಾಡಿದ್ದೇನೆ.

ಮದುವೆಯಾಗಿ ಇಂದಿಗೆ ಹನ್ನೊಂದು ದಿನ. ಮೈಸೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದು, ಕಾನ್ವೆಂಟಿನಲ್ಲಿ ಓದಿದ ಕುಮುದಿನಿ ಎಂಬ ನಾನು ಈಗ ತಿಕೋಟಾದ ಸೊಸೆ. ಅಪ್ಪನ ಹುಟ್ಟೂರು ಘೋಣಸಗಿ ಎಂಬ ಒಂದೇ ಎಳೆ ಹಿಡಿದು ಈ ಸಂಬಂಧ ಬಂತು. ರಾಮಲಿಂಗ (ಮತ್ತೊಮ್ಮೆ ಬರೆದೆ!) ವಿಜಾಪುರದಲ್ಲಿ ಜೂನಿಯರ್ ಇಂಜಿನಿಯರ್. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಾರೆ. ಅಷ್ಟು ಹೊತ್ತನ್ನು ಹೇಗೆ ಕಳೆಯುವುದೋ ದೇವರೇ ಬಲ್ಲ.

ಇವತ್ತು ದೊಡ್ಡ ತಮಾಷೆಯಾಯಿತು. ಅತ್ತೆ ಒಲೆಯ ಮುಂದಿನಿಂದ ಕೂಗಿದರು. "ಕುಮುದಾ, ಮಾಳಗಿ ಮ್ಯಾಲ ಹಪ್ಪಳ ಒಣಾಕ ಹಾಕೇನಿ, ಮ್ವಾಡ ಆಗೇತಿ, ಮಳಿ ಬರತೈತಿ. ಲಗೂನ ತಗೊಂಡ ಬಾ."

ನಾನು ಒಳಗೆಲ್ಲ ಮೆಟ್ಟಿಲು ಹುಡುಕಿದೆ. ಜೋಳದ ಕೋಣೆಯ ಬಾಗಿಲು ತೆಗೆದೆ, ಬಚ್ಚಲ ಬಾಗಿಲು ತೆಗೆದೆ, ದೇವರ ಗೂಡಿನ ಹಿಂದೆ ಇಣುಕಿದೆ.

"ಏನ್ ಹುಡಕಾಕತ್ತೀಬೇ?"

"ಮಾಳಿಗೆಗೆ ಹೋಗುವ ಮೆಟ್ಟಿಲು, ಅತ್ತೆ."

"ಮೆಟ್ಟಲಾ! ನಿಮ್ಮಪ್ಪ ನಿನ್ನ ಅರಮನಿಗೆ ಕೊಟ್ಟಾನಂತ ತಿಳಕೊಂಡೀಯೇನು? ಹೊರಗ ನಿಚ್ಚಣಿಕಿ ಐತಿ ನೋಡು!"

ಮರದ ಜಂತಿಗಳ ಮೇಲೆ ಮೊಳದಷ್ಟು ಬಿಳಿಮಣ್ಣು ಬಡಿದು ಚಪ್ಪಟೆ ಮಾಡಿದ ಛಾವಣಿ, ಅದೇ ಇಲ್ಲಿಯ ಮಾಳಗಿ! ಅದರ ಮೇಲೆ ಕಾಳು ಒಣಗಿಸುತ್ತಾರೆ, ಬೇಸಿಗೆಯಲ್ಲಿ ಹಾಸಿಗೆ ಹಾಸುತ್ತಾರೆ. ನಾನು ನಾಲ್ಕನೇ ಹಲ್ಲಿನವರೆಗೆ ಹತ್ತಿ, ಕಣ್ಣು ಮುಚ್ಚಿ ಹಾಗೇ ಇಳಿದುಬಿಟ್ಟೆ. ಹಪ್ಪಳ ನೆನೆದವು.

ಮಾವ ತುಕಾರಾಮ ಗೌಂಡಿ ಒಂದು ಮಾತೂ ಆಡಲಿಲ್ಲ. ಅವರು ಆಡುವುದೇ ಇಲ್ಲ. ಊರಿನಲ್ಲಿ ಅವರಿಗೆ ಒಂದು ಬಿರುದಿದೆ, ಮದುವೆಯ ದಿನವೇ ಕೇಳಿದೆ: "ಈಕಿ ಸಮುದ್ರದ ತುಕಾರಾಮನ ಸೊಸಿ." ಎಷ್ಟು ಚೆಂದ! ಸಮುದ್ರದಷ್ಟು ಆಳವಾದ ಮನುಷ್ಯ ಎಂದಿರಬೇಕು.

ನಾನು ಸಮುದ್ರವನ್ನೇ ನೋಡಿಲ್ಲ. ದಸರೆಯ ರಜೆಗೆ ಕಾರವಾರಕ್ಕೆ ಕರೆದೊಯ್ಯುತ್ತೇನೆಂದು ನಮ್ಮ ಇವರು ಭಾಷೆ ಕೊಟ್ಟಿದ್ದಾರೆ. ಭಾಷೆ!

೯ ಜೂನ್

ಮಳೆ. ಬರೆಯುತ್ತಿರುವಾಗಲೇ ಜಂತಿಯಿಂದ ಒಂದು ಹನಿ ನೇರ ಈ ಪುಟದ ಮೇಲೆ ಬಿತ್ತು, ಮಸಿ ಹರಡಿ ಹೂವಾಗಿದೆ, ಮುದ್ದಾಗಿದೆ. ಆದರೆ ಮನೆಯ ಪಾತ್ರೆಗಳೆಲ್ಲ ನೆಲದ ಮೇಲೆ ಹನಿ ಹಿಡಿಯುತ್ತ ಕುಳಿತಿವೆ. ಊರಿಗೆಲ್ಲ ಮನೆ ಕಟ್ಟುವ ಗೌಂಡಿಯ ಮನೆಯೇ ಸೋರುವುದೇ?

ಸಂಜೆ ನಮ್ಮ ಇವರನ್ನು ಕೇಳಿದೆ. "ಅಪ್ಪ ಗ್ವಾಡಿ ಕಟ್ಟತಾನ. ಮಾಳಗಿ ಮುಟ್ಟಂಗಿಲ್ಲ," ಎಂದರು.

"ಯಾಕೆ?"

"ಮುಟ್ಟಂಗಿಲ್ಲ ಅಂದ್ರ ಮುಟ್ಟಂಗಿಲ್ಲ." ಪತ್ರಿಕೆ ಮುಖದ ಮುಂದೆ ಹಿಡಿದರು.

೧೮ ಜೂನ್

ಕನಸೋ ನಿಜವೋ! ಬಸಲಿಂಗಯ್ಯ ಮಾಸ್ತರರು ಬಂದಿದ್ದರು. ಹೈಸ್ಕೂಲಿನಲ್ಲಿ ನಮ್ಮ ಇವರಿಗೆ ಗಣಿತ ಕಲಿಸಿದವರು. ಬಬಲೇಶ್ವರದ ಗೊಲ್ಲಾಳಪ್ಪಗೌಡರಿಗೆ ಈ ಆಗಸ್ಟಿಗೆ ಎಪ್ಪತ್ತೈದು ತುಂಬುತ್ತದೆ. ಮಂತ್ರಿಯಾಗಿದ್ದವರು, ಈ ಸೀಮೆಗೆ ರಸ್ತೆ, ಶಾಲೆ, ಹಾಸ್ಟೆಲು ತಂದವರು. ನಮ್ಮ ಇವರಿಗೆ ಇಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲಿನಲ್ಲಿ ಜಾಗ ಕೊಡಿಸಿದವರೂ ಅವರೇ. ವಿಜಾಪುರದಲ್ಲಿ ಸಮಾರಂಭ, ಒಂದು ಸ್ಮರಣ ಸಂಚಿಕೆ. ಅದರಲ್ಲಿ ಗೌಡರ ಸಮುದ್ರದ ಮನೆಯ ಚರಿತ್ರೆ ಬರಬೇಕಂತೆ. ಕಾರವಾರದ ಆಚೆ, ಅಲೆಗಳ ಎದುರಿಗೆ, ದಣಿದಾಗ ಹೋಗಿರಲೆಂದು ಗೌಡರು ಕಟ್ಟಿಸಿದ ಮನೆ! ಅದರ ಕಾಗದಪತ್ರಗಳೆಲ್ಲ ಇಂಗ್ಲಿಷಿನಲ್ಲಿವೆ, ಕನ್ನಡಕ್ಕೆ ತರುವವರಿಲ್ಲ.

"ನಿಮ್ಮ ಸೊಸಿ ಕಾನ್ವೆಂಟ್ ಓದ್ಯಾಳಂತಲ್ರಿ ಭೀಮಾಬಾಯಿ," ಎಂದರು ಮಾಸ್ತರರು.

ಅತ್ತೆ ಯಾಕೋ ಅಂಗಳದ ಕಡೆ ನೋಡಿದರು. ಮಾವ ಅಲ್ಲಿರಲಿಲ್ಲ. ನಾನು ಯಾರ ಒಪ್ಪಿಗೆಯನ್ನೂ ಕಾಯದೆ "ಬರೆಯುತ್ತೇನೆ ಸರ್!" ಎಂದುಬಿಟ್ಟೆ.

೨೩ ಜೂನ್

ಫೈಲು ಬಂತು.  ಎಂಥ ಮನೆ! ಎಂಥ ಮನುಷ್ಯ! ೧೯೫೭ರಲ್ಲಿ, ಬೆಂಗಳೂರಿನಲ್ಲಿ ಮಂತ್ರಿಯಾಗಿದ್ದಾಗ, ಗೌಡರು ಆ ಜಾಗ ಕೊಂಡರು. ಕರಾವಳಿಯಲ್ಲಿ ಕಟ್ಟುವವರು ಬೇಕಾದಷ್ಟಿದ್ದರೂ ಇಲ್ಲಿಂದ ಹನ್ನೆರಡು ಗೌಂಡಿಗಳನ್ನು ಕಳಿಸಿದರು. ಕಾರಣ ಒಂದು ಪತ್ರದಲ್ಲಿದೆ: "ನಮ್ಮ ಜನ ಸಮುದ್ರ ನೋಡಿಲ್ಲ. ಕೂಲಿಯ ನೆಪದಲ್ಲಾದರೂ ನೋಡಲಿ." ಓದಿ ಅಳುವೇ ಬಂತು.

ಮೊದಲ ಕಟ್ಟಡ ಮರುವರ್ಷದ ಮಳೆಗಾಲದಲ್ಲಿ ಬಿದ್ದುಹೋಯಿತಂತೆ. ಆಮೇಲೆ ಅಲ್ಲಿಯವರೇ ಹಂಚು ಹಾಕಿ ಹೊಸದಾಗಿ ಕಟ್ಟಿದರು. ಹನ್ನೆರಡು ವರ್ಷ ಯಾರು ಯಾರು ಬಂದು ತಂಗಿದರು! ಅತಿಥಿಗಳ ಪುಸ್ತಕದಲ್ಲಿ ಒಬ್ಬ ನ್ಯಾಯಾಧೀಶರು ಬರೆದಿದ್ದಾರೆ, "ಇಲ್ಲಿ ಮೂರು ದಿನ ನಾನು ಯಾರಿಗೂ ತೀರ್ಪು ಕೊಡಲಿಲ್ಲ." ಒಬ್ಬ ವೈದ್ಯರು ಬರೀ ಅಲೆಯ ಚಿತ್ರ ಬಿಡಿಸಿ ಸಹಿ ಹಾಕಿದ್ದಾರೆ. ೧೯೭೦ರಲ್ಲಿ ಗೌಡರು ಆ ಮನೆಯನ್ನು ಮೀನುಗಾರರ ಮಕ್ಕಳ ಶಾಲೆಗೆ ಕೊಟ್ಟುಬಿಟ್ಟರು. ಕೊಟ್ಟೇಬಿಟ್ಟರು!

ಬಿದ್ದುಹೋದ ಕಥೆಯನ್ನು ಮಾಸ್ತರರು ಎಷ್ಟು ಚೆನ್ನಾಗಿ ಹೇಳಿದರು. ಗೌಡರೇ ಪ್ರತಿ ಸಭೆಯಲ್ಲಿ ಹೇಳುವ ಜೋಕಂತೆ ಅದು: "ಆ ಮಳಿ ಸೀಮಿಯೊಳಗ ನಮ್ಮ ಗೌಂಡಿ ವಿಜಾಪುರದ ಮಣ್ಣಿನ ಮಾಳಗಿ ಹಾಕಿದ. ಮೂರ್ ಲಾರಿ ಮಣ್ಣ ಒಯ್ದು ಸಮುದ್ರ ಮುಚ್ಚಾಕ ಹೋಗಿದ್ದ. ಸಾಲಲಿಲ್ಲ!" ನಕ್ಕು ನಕ್ಕು ಹೊಟ್ಟೆ ನೋವು ಬಂತು.

೨೫ ಜೂನ್, ಭಾನುವಾರ

ಮಧ್ಯಾಹ್ನ ಊಟಕ್ಕೆ ಎಲ್ಲರೂ ಒಟ್ಟಿಗೆ ಕುಳಿತಿದ್ದರು. ಮನೆಯಲ್ಲಿ ನಗುವೇ ಇಲ್ಲವಲ್ಲ ಎಂದು ನಾನು ಆ ಜೋಕು ಹೇಳಿದೆ. ಗೌಡರ ದನಿಯನ್ನೂ ಅನುಕರಿಸಿದೆ. "ಮೂರು ಲಾರಿ ಮಣ್ಣು! ಸಾಲಲಿಲ್ಲ!"

ಯಾರೂ ನಗಲಿಲ್ಲ.

ಮಾವ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿ, ಎದ್ದು, ಕೈ ತೊಳೆದುಕೊಂಡು ಹೊರಗೆ ಹೋದರು. ಅತ್ತೆ ನನ್ನನ್ನು ಬೈಯಲೂ ಇಲ್ಲ. "ಆ ಗೌಂಡಿ ಅಂದ್ರ ನಿಮ್ಮ ಮಾವ," ಎಂದರು, ಅಷ್ಟೇ.

೨೬ ಜೂನ್

ಸಮುದ್ರದ ತುಕಾರಾಮ. ಅದು ಬಿರುದಲ್ಲ.

೨ ಜುಲೈ, ಭಾನುವಾರ

ಇವರು ನನ್ನನ್ನು ಗೋಳಗುಮ್ಮಟಕ್ಕೆ ಕರೆದೊಯ್ದರು. ವಾರದಿಂದ ಸಪ್ಪಗಿದ್ದೆನೆಂದು. ಮೇಲಿನ ಮೊಗಸಾಲೆಯಲ್ಲಿ ನಿಂತು ನಾನು ನನ್ನ ಹೆಸರು ಕೂಗಿದೆ, ಗುಮ್ಮಟ ಏಳು ಸಲ ಕೂಗಿತು. ಅವರ ಹೆಸರು ಕೂಗುವ ಆಸೆಯಾಯಿತು. ಧೈರ್ಯ ಬರಲಿಲ್ಲ. ಅಷ್ಟು ದೊಡ್ಡ ಛಾವಣಿ, ನಡುವೆ ಒಂದು ಕಂಬವೂ ಇಲ್ಲ! ಯಾರೋ ಗೌಂಡಿಗಳು ಕಟ್ಟಿದ್ದು ತಾನೇ. ಅವರ ಹೆಸರು ಯಾವ ಕಲ್ಲಿನ ಮೇಲೂ ಕಾಣಲಿಲ್ಲ.

ಹೊರಗೆ ಚಹಾದ ಅಂಗಡಿ. ಅಂಗಡಿಯವರು ಅಮೀನಸಾಬ. ಎಡಗಾಲು ಎಳೆದು ನಡೆಯುತ್ತಾರೆ. ಮಾವನ ಹಳೆಯ ಜೊತೆಗಾರರಂತೆ.

"ಬಾ ಯವ್ವಾ, ಬಾ. ನನ್ನ ಕಾಲ ನೋಡಾಕತ್ತೀಯೇನು? ಸಮುದ್ರ ನೆಕ್ಕಿ ಹೋತು!"

ಇವರು ಮುಜುಗರದಿಂದ ಎದ್ದು ಬಸ್ಸಿನ ವೇಳೆ ವಿಚಾರಿಸಲು ಹೋದರು. ನಾನು ಕೇಳಿಯೇಬಿಟ್ಟೆ. ಅಮೀನಸಾಬರು ಸ್ಟೋವಿನ ಗಾಳಿ ಇಳಿಸಿ ಕುಳಿತು ಹೇಳಿದರು.

"ಅಲ್ಲಿಯ ಮಂದಿ ಸುತ್ತ ನಿಂತು ನಗತಿದ್ರು. ಈ ಮಳಿಗೆ ಮಣ್ಣಿನ ಮಾಳಗಿ ಎಲ್ಲಿ ತಡೀತೈತಿ, ಹಂಚ ಹಾಕ್ರಿ ಅಂತಿದ್ರು. ತುಕಾರಾಮಗ ತಿಳೀಲಿಲ್ಲೇನು? ತಿಳಿದಿತ್ತು. ಬೆಂಗಳೂರಿಗೆ ಗೌಡ ಸಾಹೇಬ್ರಿಗೆ ಕಾರ್ಡ ಹಾಕಿದ. ಮಾಳಗಿ ಬೇಕೇ ಬೇಕು ಅಂತ ಉತ್ತರ ಬಂತು. ಇನ್ನೊಮ್ಮೆ ಹಾಕಿದ. ಇನ್ನೊಮ್ಮೆ ಹಂಗ ಬಂತು. ಸಾಹೇಬ್ರು ಅಂದಮ್ಯಾಲ ಏನ್ ಮಾಡ್ತಿ? ತಿಕೋಟಾದಿಂದ ಮಣ್ಣ ತರಿಸಿ, ಅಲ್ಲಾ ಅಂತ ನಾ, ವಿಠ್ಠಲಾ ಅಂತ ಅಂವಾ, ಬಡದ ಬಡದ ಹಾಕಿದ್ವಿ. ಜುಲೈದಾಗ ಬಿತ್ತು. ನಾ ಒಳಗಿದ್ದೆ."

"ಮಾವ?"

"ಕೈಲೆ ಮಣ್ಣ ತೋಡಿ ನನ್ನ ಹೊರಗ ತಗದ. ಆಮ್ಯಾಲ ಮಾಳಗಿಗೆ ಕೈ ಹಚ್ಚಿಲ್ಲ. ಮರುವರ್ಷ ಒಂದ ಸಭಾದಾಗ ಸಾಹೇಬ್ರು ಆ ಲಾರಿ ಮಾತು ಹೇಳಿದ್ರು. ಅಂವಾ ಮುಂದಿನ ಸಾಲಿನ್ಯಾಗ ಕುಂತಿದ್ದ ಯವ್ವಾ. ಎಲ್ಲಾರೂ ನಕ್ರು. ಅಂವಾನೂ ನಗಬೇಕಾತು."

ಚಹಾ ಆರಿಹೋಯಿತು. ಕುಡಿಯಲಿಲ್ಲ.

೯ ಜುಲೈ

ಮಾಸ್ತರರು ಕೊಟ್ಟ ಟಿಪ್ಪಣಿಯಲ್ಲಿ ಒಂದು ವಾಕ್ಯ ಇದೆ: "ಗೌಂಡಿಯ ಅಜ್ಞಾನದಿಂದ ಮೊದಲ ಕಟ್ಟಡ ಬಿದ್ದಿತು." ನನ್ನ ಕೈಯಿಂದ ಅದನ್ನು ಬರೆಯಲಾಗುತ್ತಿಲ್ಲ. ಅಚ್ಚಾದರೆ ಆ ಮಾತು ಜೋಕಾಗಿ ಉಳಿಯುವುದಿಲ್ಲ, ಚರಿತ್ರೆಯಾಗುತ್ತದೆ. ಬಬಲೇಶ್ವರದಿಂದ ಕನಮಡಿಯವರೆಗೆ ಮನೆ ಮನೆಯ ಗೂಡಿನಲ್ಲಿ ಇರುತ್ತದೆ.

ಇವರು ಹೇಳಿದರು, "ಮಳಿಗೆ ಬಿತ್ತು ಅಂತ ಬರದ ಬಿಡು. ಯಾರ ಹೆಸರೂ ಬ್ಯಾಡ. ಗೌಡರು ನನಗೇನ್ ಮಾಡ್ಯಾರ ನಿನಗ ಗೊತ್ತೈತಿ."

ಮಾವ ಅಂಗಳದಲ್ಲಿ ಕರಣೆ ಉಜ್ಜುತ್ತಿದ್ದರು. ನನ್ನ ಮದುವೆಯಾದ ಮೇಲೆ ಮೊದಲ ಬಾರಿಗೆ ನನ್ನೊಡನೆ ಮಾತಾಡಿದರು. ತಲೆ ಎತ್ತದೆಯೇ.

"ಬರಿಯೂದಾದ್ರ ನನ್ನ ಹೆಸರ ಬಿಡಬ್ಯಾಡವಾ. ತುಕಾರಾಮ ಗೌಂಡಿ ಕೆಡವಿದ ಅಂತ ಬರಿ. ಸಾಹೇಬ್ರು ಹಾಕು ಅಂದ್ರು, ಖರೆ. ಆದ್ರ ಗೌಂಡಿ ಆದಾಂವ ಬ್ಯಾಡ ಅಂತ ಕೈ ಕಟ್ಟಿ ನಿಲ್ಲಬೇಕಿತ್ತು. ಅಮೀನನ ಕಾಲ ಹೋತು."

ಅವರ ಕೈಗಳನ್ನು ಇಷ್ಟು ದಿನ ನಾನು ನೋಡಿಯೇ ಇರಲಿಲ್ಲ. ಬೆರಳ ಗಿಣ್ಣುಗಳ ಸುಣ್ಣ ಎಷ್ಟು ತೊಳೆದರೂ ಹೋಗುವಂಥದ್ದಲ್ಲ.

೧೭ ಜುಲೈ

ನಡೆದದ್ದನ್ನು ನಡೆದ ಹಾಗೆಯೇ ಬರೆಯಬೇಕು. ಕೈ ಓಡುತ್ತಿದೆ.

ಬೆಳಿಗ್ಗೆ ಗೌಡರ ೧೯೫೭ರ ಪತ್ರಗಳನ್ನು ಕನ್ನಡಕ್ಕೆ ಮಾಡಿದೆ. ಗೌಡರು ಹೇಳಿ ಬರೆಸಿದ ಇಂಗ್ಲಿಷ್ ಪತ್ರಗಳ ಕಾರ್ಬನ್ ಪ್ರತಿಗಳು ಅವು. ಅವನ್ನು ಬೆಂಗಳೂರಿನ ಗುಮಾಸ್ತರೊಬ್ಬರು ಕನ್ನಡದ ಕಾರ್ಡಿನಲ್ಲಿ ಬರೆದು ಗೌಂಡಿಗಳಿಗೆ ಕಳಿಸುತ್ತಿದ್ದರಂತೆ. ಆ ಕಾರ್ಡುಗಳು ಫೈಲಿನಲ್ಲಿಲ್ಲ. ಅತ್ತೆ ರೊಟ್ಟಿ ಬಡಿಯುತ್ತಿದ್ದರು, ಅವರಿಗೆ ಕೇಳಲೆಂದು ನಾನು ಗಟ್ಟಿಯಾಗಿ ಓದಿದೆ:

"ಮನೆಗೆ ಮಾಳಿಗೆ ಬೇಕೇ ಬೇಕು. ಮಾಳಿಗೆಯ ಕಿಟಕಿ..."

"...ಪಡುವಣಕ್ಕಿರಲಿ," ಎಂದಿತು ಅಂಗಳದ ದನಿ. "ಮಲಗಿದಲ್ಲಿಂದ ಸಮುದ್ರ ಕಾಣಬೇಕು."

ಮಾವ! ಬಾಗಿಲಲ್ಲಿ ನಿಂತಿದ್ದರು. ನಾನು ಈಗತಾನೇ, ಅರ್ಧ ಗಂಟೆ ಮುಂಚೆ, ನನ್ನ ಕೈಯಾರೆ ಮಾಡಿದ ವಾಕ್ಯವನ್ನು ಅವರು ಶಬ್ದವೂ ತಪ್ಪದೆ ಹೇಳಿದರು. ರೊಟ್ಟಿಯ ಸದ್ದು ನಿಂತಿತು.

ಅವರು ಒಳಗೆ ಹೋಗಿ ಒಂದು ಚೀಲ ತಂದರು. ಗೋಡೆ ನೆಟ್ಟಗಿದೆಯೇ ಎಂದು ನೋಡುವ ಗುಂಡನ್ನು ಇಡುವ ಚೀಲ. ಗುಂಡಿನ ಜೊತೆ ಎರಡು ಕಾರ್ಡು. ಇಪ್ಪತ್ತು ವರ್ಷದ ಕಾರ್ಡು! ಗುಮಾಸ್ತರ ದುಂಡನೆಯ ಅಕ್ಷರ. ನನ್ನ ವಾಕ್ಯವೇ. ನಾನು ಮೈಸೂರಿನವಳು, ಅವರೂ ಆ ಕಡೆಯವರೇ ಇರಬೇಕು.

"ಮಾವ, ಮಾಳಗಿಗೆ ಕಿಟಕಿ ಎಲ್ಲಿರುತ್ತದೆ?" ಎಂದು ಕೇಳಿದೆ. ಸುಮ್ಮನೆ ಕೇಳಿದ್ದು.

"ಅದ ನನಗೂ ತಿಳೀಲಿಲ್ಲ. ಬೆಳಕಿಂಡಿಗೆ ಕಿಟಕಿ ಅಂದಿರಬೇಕು ಅಂತ, ಮಾಳಗಿ ನಡುವ ಬಿಡೂ ತೂತ ಪಡುವಣಕ್ಕ ಸರಿಸಿ ಬಿಟ್ಟೆ. ಮಲಗಿದ್ರ ಸಮುದ್ರ ಕಾಣಬೇಕು ಅಂದ್ರಲ್ಲ, ಮಾಳಗಿ ಮ್ಯಾಲ ಮಲಗಾವ್ರು ಅಂತ ತಿಳಕೊಂಡೆ. ಊರ ಬಿಟ್ಟ ಮನಷ್ಯಾ, ಊರಿನ ನೆನಪ ಆಗೇತಿ, ಅದಕ್ಕ ಮಾಳಗಿ ಬೇಡ್ಯಾನ. ಹಂಗಂದ ನನ್ನ ಜೀವ ಕರಗಿತ್ತವಾ. ಇಲ್ಲಾಂದ್ರ ನಾ ಹಾಕತಿದ್ದಿಲ್ಲ."

ನಾನು ಕಾರ್ಬನ್ ಪ್ರತಿಯನ್ನು ಮತ್ತೆ ನೋಡಿದೆ. ಅಲ್ಲಿ ಇರುವ ಮಾತು "ಅಪ್ಪರ್ ಸ್ಟೋರಿ." ಮೇಲಿನ ಅಂತಸ್ತು! ನಮ್ಮ ಕಡೆ ಅದಕ್ಕೇ ಮಾಳಿಗೆ ಎನ್ನುವುದು. ಬಂದ ಹೊಸದರಲ್ಲಿ ನಾನು ಈ ಮನೆಯೊಳಗೆ ಮೆಟ್ಟಿಲು ಹುಡುಕಿದ್ದು ಅದಕ್ಕೇ ಅಲ್ಲವೇ! ಗೌಡರು ಕೇಳಿದ್ದು ಮೇಲೊಂದು ಕೋಣೆ. ಮಾವ ಕಾರ್ಡಿನಲ್ಲಿ "ಇಲ್ಲಿಯ ಮಳಿಗೆ ಮಾಳಗಿ ತಡಿಯೂದಿಲ್ಲ, ಬಿಡಲೇನ್ರಿ" ಎಂದು ಕೇಳಿದ್ದರು. ಗುಮಾಸ್ತರು ಅದನ್ನೂ ಅಪ್ಪರ್ ಸ್ಟೋರಿ ಎಂದೇ ಇಂಗ್ಲಿಷಿಗೆ ಮಾಡಿ ಗೌಡರ ಮುಂದಿಟ್ಟಿದ್ದಾರೆ. ಗೌಡರ ಉತ್ತರವೂ ಫೈಲಿನಲ್ಲಿದೆ: ಕರಾವಳಿಯಲ್ಲಿ ಎಷ್ಟೋ ಮನೆಗಳಿಗೆ ಇದೆ, ಇವನಿಗೆ ಮಾತ್ರ ಏಕಾಗದು? ಅದು ಕಾರ್ಡಿನಲ್ಲಿ "ಮಾಳಿಗೆ ಇಲ್ಲದ ಮನೆ ನನಗೆ ಬೇಡ" ಎಂದಾಗಿದೆ.

ಮಾವನಿಗೆ ಹೇಳಿದೆ. ಎರಡು ಸಲ ಹೇಳಬೇಕಾಯಿತು.

"ಮ್ಯಾಲ ಒಂದ ಖೋಲಿ?" ಎಂದರು. "ಖೋಲಿ ಕೇಳಿದ್ರಾ? ಮ್ಯಾಲಿನ ಖೋಲಿ ಆದ್ರ... ಕಟ್ಟತಿದ್ದೆನಲ್ಲವಾ." ಗೋಡೆ ಹಿಡಿದು ಮೆಲ್ಲಗೆ ಕುಳಿತರು. "ಚಂದಂಗ ಕಟ್ಟತಿದ್ದೆ."

೧೮ ಜುಲೈ

ಆ ಗುಮಾಸ್ತರನ್ನು ಬೈಯಲು ಮನಸ್ಸಾಗುತ್ತಿಲ್ಲ. ನಾನೂ ಅದನ್ನೇ ಬರೆದೆ. ಒಂದೇ ಶಬ್ದ, ಎರಡು ಊರು.

೨೩ ಜುಲೈ, ಭಾನುವಾರ

ಬಬಲೇಶ್ವರಕ್ಕೆ ಹೋಗಿದ್ದೆ. ಮಾಸ್ತರರ ಜೊತೆ. ಇವರು ಬರಲಿಲ್ಲ, ಬೇಡವೆಂದೂ ಹೇಳಲಿಲ್ಲ. ಬಸ್ ಸ್ಟ್ಯಾಂಡಿನವರೆಗೆ ಬಂದು ಛತ್ರಿ ಕೊಟ್ಟರು. ಎರಡು ಕಾರ್ಡುಗಳನ್ನು ಮಾವ ತಾವೇ ಕೊಟ್ಟಿದ್ದರು.

ಗೌಡರ ವಾಡೆಯ ಬಾಗಿಲಲ್ಲಿ ಆನೆ ಹೋಗಬಹುದು. ಒಳಗೆ ತೂಗುಮಂಚದ ಮೇಲೆ ಬಿಳಿ ರುಮಾಲಿನ ಗೌಡರು. ವಯಸ್ಸಾದರೂ ಎಂಥ ಕಣ್ಣು! 

"ತುಕಾರಾಮನ ಸೊಸಿ ಏನು? ಬಾ, ಕುಂಡ್ರು. ನಿಮ್ಮ ಮಾವ ಗೊತ್ತೈತಲ, ಮೂರ್ ಲಾರಿ ಮಣ್ಣ ಒಯ್ದು..."

ಸುತ್ತ ಕುಳಿತವರು ನಗಲು ಬಾಯಿ ತೆರೆದರು. ನಾನು ನಗಲಿಲ್ಲ. ಮಾಸ್ತರರೂ ನಗಲಿಲ್ಲ. ಗೌಡರು ಮಾತನ್ನು ಅಲ್ಲಿಗೇ ನಿಲ್ಲಿಸಿದರು.

"ಏನ್ ತಂದೀ?"

ಮೊದಲು ಇಂಗ್ಲಿಷ್ ಓದಿದೆ. ಆಮೇಲೆ ಕಾರ್ಡು ಓದಿದೆ.  ತೂಗುಮಂಚ ನಿಂತಿತು.

"ಇನ್ನೊಮ್ಮೆ ಓದು."

ಓದಿದೆ.

"ಕಾರ್ಡ ನಾನ ಬರದಿದ್ರ ಮಾಳಗಿ ಅಂತ ಬರೀತಿದ್ದೆನೇನು?" ಎಂದರು, ಯಾರನ್ನೋ ಕೇಳುವಂತೆ. "ಮ್ಯಾಲ ಒಂದ ಖೋಲಿ ಕಟ್ಟೋ ತುಕಾರಾಮಾ ಅಂತಿದ್ದೆ." ನನ್ನ ಕಡೆ ತಿರುಗಿದರು. "ಆ ಕಾಗದಾ ಇಲ್ಲೇ ಇಟ್ಟ ಹೋಗು."

ಕಾರ್ಡುಗಳನ್ನೂ? ಕೇಳದೆಯೇ ಇಟ್ಟು ಬಂದೆ. ಬಸ್ಸಿನಲ್ಲಿ ಮಾಸ್ತರರು, "ಸಮುದ್ರದ ಮನಿ ಲೇಖನ ಇನ್ನ ಅಚ್ಚಿಗೆ ಹೋಗೂದಿಲ್ಲ ನೋಡವಾ. ಅವರು ಹೂಂ ಅನ್ನೂತನಕ ನಾ ಏನೂ ಮಾಡಾಂಗಿಲ್ಲ," ಎಂದರು.

ನಾನೇನು ಮಾಡಿಬಿಟ್ಟೆ! ಮಾವ ಕೇಳಿದ್ದಕ್ಕೆ ಅಪ್ಪಟ ಸಾಕ್ಷಿ ಎಂದು ಇದ್ದದ್ದು ಆ ಎರಡು ಕಾರ್ಡು.

ಮಾವನಿಗೆ ತಲೆ ತಗ್ಗಿಸಿ ಹೇಳಿದೆ. "ಕೊಟ್ಟ ಬಂದೀಯಾ?" ಎಂದರು. ಚೀಲದಲ್ಲಿ ಗುಂಡನ್ನು ಒಂಟಿಯಾಗಿ ಇಟ್ಟು ಬಾಯಿ ಕಟ್ಟಿದರು. "ಅವರದ ಮಾತದು. ಅವರ ಕಡೆ ಹೋತು, ಬಿಡು."

೪ ಆಗಸ್ಟ್

ಬಬಲೇಶ್ವರದಿಂದ ಸುದ್ದಿ ಇಲ್ಲ. ರೊಟ್ಟಿ ಬಡಿಯಲು ಕಲಿಯುತ್ತಿದ್ದೇನೆ. "ಭಾರತದ ನಕಾಶಿ ಆತು, ಶ್ರೀಲಂಕಾನೂ ಮಾಡು," ಎಂದರು ಅತ್ತೆ.

೧೪ ಆಗಸ್ಟ್

ಸ್ಮರಣ ಸಂಚಿಕೆ ಅಚ್ಚಾಯಿತು. ಸಮುದ್ರದ ಮನೆಯ ಲೇಖನ ಇಲ್ಲ. ಅದರ ಜಾಗದಲ್ಲಿ ಗೌಡರ ಭಾವಚಿತ್ರ.

೨೦ ಆಗಸ್ಟ್, ಭಾನುವಾರ

ವಿಜಾಪುರದ ಸಭೆಗೆ ಮಾವ ಬರಲಿಲ್ಲ. "ಕೇಳಿದ್ದ ಕೇಳಾಕ ಯಾಕ ಬರಲಿ?" ಎಂದರು. ನಾನು, ಇವರು, ಅತ್ತೆ ಹೋದೆವು. ಮೂರನೇ ಸಾಲಿನಲ್ಲಿ ಅಮೀನಸಾಬರು ಕಾಲು ಚಾಚಿ ಕುಳಿತಿದ್ದರು.

ಹಾರಗಳಾದವು, ಭಾಷಣಗಳಾದವು. ಕೊನೆಗೆ ಗೌಡರು ಎದ್ದರು. ಮೈಕು ಹಿಡಿದು, "ನನಗೊಂದು ಸಮುದ್ರದ ಮನಿ ಇತ್ತು," ಎಂದರು.

ಅಷ್ಟಕ್ಕೇ ಮಂಟಪವೆಲ್ಲ ನಗತೊಡಗಿತು! ಮುಂದಿನದು ಎಲ್ಲರಿಗೂ ಬಾಯಿಪಾಠ. ಹಿಂದಿನಿಂದ ಯಾರೋ, "ಮೂರ್ ಲಾರೀ!" ಎಂದು ಕೂಗಿದರು. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ನಾನು ಇವರ ಕೈ ಹಿಡಿದೆ, ಸಾವಿರ ಜನರ ನಡುವೆ.

ಗೌಡರು ನಗು ನಿಲ್ಲುವವರೆಗೆ ಕೈ ಎತ್ತಿ ನಿಂತರು.

"ಸಾಕು. ಇಪ್ಪತ್ತ ವರ್ಷ ನಗಸೇನಿ, ನೀವೂ ನಕ್ಕೀರಿ. ಇವತ್ತ ಇದನ್ನ ಕೇಳ್ರಿ." ಜೇಬಿನಿಂದ ತೆಗೆದದ್ದು ಆ ಕಾರ್ಡು! ಕನ್ನಡಕ ಏರಿಸಿ, ತಾವೇ, ಒಂದೊಂದೇ ಶಬ್ದ ಬಿಡಿಸಿ ಓದಿದರು. "ಗೌಂಡಿ ಎರಡ ಸಲ ಕೇಳಿದ್ದ. ನಾ ಎರಡ ಸಲ ಬೇಕೇ ಬೇಕು ಅಂದೆ. ಅಂವಾ ಕೇಳಿದ್ದು ನನಗ ತಿಳೀಲಿಲ್ಲ, ನಾ ಹೇಳಿದ್ದು ಅಂವಗ ತಿಳೀಲಿಲ್ಲ. ನನ್ನ ಊರಿನವನಿಗೆ ನನ್ನ ಊರಿನ ಮಾತಿನ್ಯಾಗ ನಾಕ ಅಕ್ಷರ ನಾನ ಬರೀಬೇಕಿತ್ತು. ಇಂಗ್ಲಿಷಿನ್ಯಾಗ ಹೇಳಿ, ಇನ್ನೊಬ್ಬರ ಕೈಲೆ ಬರಿಸಿದೆ. ಮನಿ ಬಿದ್ದದ್ದು ಅದಕ್ಕ. ಮಳಿಗಲ್ಲ, ಮಣ್ಣಿಗಲ್ಲ. ತುಕಾರಾಮ ಗೌಂಡಿಗೆ ಈ ಮಾತು ಹೇಳಾಕ ಇಷ್ಟ ಮಂದಿ ಬೇಕಿತ್ತು, ಯಾಕಂದ್ರ ನಕ್ಕಿದ್ದೂ ಇಷ್ಟ ಮಂದಿ ಮುಂದ. ಪುಸ್ತಕದಾಗ ಹಾಕಬ್ಯಾಡ ಅಂದೆ. ಓದವರ ಎಷ್ಟ ಮಂದಿ?"

 ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟಬೇಕೋ ಬೇಡವೋ ತಿಳಿಯಲಿಲ್ಲ.

ಆಗ ಮೂರನೇ ಸಾಲಿನಿಂದ ಅಮೀನಸಾಬರು, "ನನ್ನ ಕಾಲಿನ ಮಾತೂ ಹೇಳ್ರಿ ಸಾಹೇಬ್ರ!"

"ಅದೂ ನಂದ ತಪ್ಪೋ ಅಮೀನಸಾಬ!"

"ಹಂಗಾದ್ರ ಒಂದ ಚಾ ನನ್ನ ಅಂಗಡ್ಯಾಗ ಕುಡೀಬೇಕಾಗ್ತದ್ರಿ!"

ಜನ ನಕ್ಕರು. ಆ ನಗು ಬೇರೆ. ಇವರ ಕಣ್ಣು ಒದ್ದೆಯಾಗಿತ್ತು. ನನ್ನ ಕೈ ಬಿಟ್ಟಿರಲಿಲ್ಲ.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಮಾವ ಕಟ್ಟೆಯ ಮೇಲಿದ್ದರು. ನಾನು ಒಂದೇ ಉಸಿರಿನಲ್ಲಿ ಹೇಳಿದೆ, ಗೌಡರ ದನಿಯನ್ನೂ ಮಾಡಿ ತೋರಿಸಿ. ಕಾರ್ಡುಗಳನ್ನು ಕೈಗಿತ್ತೆ. ಗೌಡರೇ ವೇದಿಕೆಯಿಂದ ಇಳಿದು ಬಂದು ಕೊಟ್ಟಿದ್ದರು.

"ಯಾರೂ ನಗಲಿಲ್ಲಾ?"

"ಮೊದಲು ನಕ್ಕರು, ಮಾವ. ಆಮೇಲೆ ಇಲ್ಲ."

"ಹ್ಞೂಂ," ಎಂದರು. ತಲೆ ಎತ್ತಿ ಪಡಸಾಲೆಯ ಜಂತಿಗಳನ್ನು ನೋಡಿದರು, ಒಂದರ ನಂತರ ಒಂದು, ಎಣಿಸುವವರ ಹಾಗೆ.

೩ ಸೆಪ್ಟೆಂಬರ್

ಮನೆಯ ಮುಂದೆ ಎರಡು ಬಂಡಿ ಬಿಳಿಮಣ್ಣು! ಮಾಳಗಿಗೆ ಹಾಕುವ ಹಾಳಮಣ್ಣು.

"ಸೆಪ್ಟೆಂಬರದಾಗ ಯಾರರೆ ಮಾಳಗಿಗೆ ಮಣ್ಣ ಹಾಕತಾರೇನ್ರಿ? ಮಂದಿ ಬ್ಯಾಸಗಿಯೊಳಗ ಹಾಕತಾರ," ಎಂದರು ಅತ್ತೆ.

"ಮಣ್ಣಿಗೆ ತಡಾ ಆತೇನು? ನನಗ ಇಪ್ಪತ್ತ ವರ್ಷ ತಡಾ ಆಗೇತಿ," ಎಂದರು ಮಾವ. ನಿಚ್ಚಣಿಕೆ ಏರಿದರು.

ಅಮೀನಸಾಬರು ಕೆಳಗೆ ಕುರ್ಚಿ ಹಾಕಿಕೊಂಡು ಕುಳಿತು ಹುಕುಂ ಕೊಡುತ್ತಿದ್ದರು. "ಇಳಿಜಾರ ಕೊಡೋ! ಈ ಸಲ ನಾ ಒಳಗ ಕುಂಡ್ರಂಗಿಲ್ಲ, ಮೊದಲ ಹೇಳೇನಿ!" ಮಾವ ಮೇಲಿನಿಂದ ಒಂದು ಹೆಂಟೆ ಎಸೆದರು. ಮಾವ ನಕ್ಕದ್ದನ್ನು ನಾನು ಇವತ್ತು ನೋಡಿದೆ.

ಮೂರು ದಿನದ ಕೆಲಸ. ನೀರಿನ ಕೊಡ ನಾನೇ ಮೇಲಕ್ಕೆ ಒಯ್ದೆ, ಇಪ್ಪತ್ತಾದರೂ ಆಗಿರಬೇಕು. ಸೊಂಟ ಬಿದ್ದುಹೋಗಿದೆ. ಸಂಜೆ ಇವರು ರಜೆಯ ಸುದ್ದಿ ತಂದರು: ಸಿಕ್ಕಿದೆಯಂತೆ, ಮುಂದಿನ ವಾರವೇ ಕಾರವಾರಕ್ಕೆ ಹೋಗಬಹುದಂತೆ. ನಾನು ಮಾಳಗಿ ಒಣಗಲಿ, ಆಮೇಲೆ ನೋಡೋಣ ಎಂದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. ಯಾಕೋ ಗೊತ್ತಿಲ್ಲ.

೧೦ ಸೆಪ್ಟೆಂಬರ್, ಭಾನುವಾರ

ಬೆಳಗಿನಿಂದ ಮಳೆ. ಈ ಸೀಮೆಗೆ ಇಂಥ ಮಳೆ ಅಪರೂಪವಂತೆ. ಆಕಾಶವೇ ಬಿದ್ದಂತೆ.

ಮಾವ ಅಂಗೈ ಮೇಲೆ ಮಾಡಿಕೊಂಡು ಕೋಣೆಯಿಂದ ಕೋಣೆಗೆ ನಡೆದರು. ಪ್ರತಿ ಜಂತಿಯ ಕೆಳಗೆ ನಿಂತರು.  ಅತ್ತೆ ಪಾತ್ರೆಗಳನ್ನು ಸಿದ್ಧವಾಗಿ ಇಟ್ಟುಕೊಂಡಿದ್ದವರು ಕೊನೆಗೆ ಒಂದೊಂದನ್ನೇ ಮತ್ತೆ ಗೂಡಿಗೆ ಸೇರಿಸಿದರು. ಅಡುಗೆಮನೆಯ ಮೂಲೆಯನ್ನು ಕೊನೆಗೆ ನೋಡಿ, ಮಾವ ಹನಿ ಬೀಳದ ಅಂಗೈಯನ್ನು ಧೋತರಕ್ಕೆ ಒರೆಸಿಕೊಂಡು ನನ್ನ ಹತ್ತಿರ ಬಂದು ಕುಳಿತರು. ಮೇಲೆ ಮಳೆ ಬಡಿಯುತ್ತಿತ್ತು, ದಪ್ಪ ಮಣ್ಣಿನ ಆಚೆ, ಎಲ್ಲೋ ದೂರದಲ್ಲಿ ಎನ್ನುವ ಹಾಗೆ.

ಇಡೀ ಸೀಮೆಯಲ್ಲಿ ನನಗೆ ಗೊತ್ತಿರುವವರ ಪೈಕಿ ಸಮುದ್ರದ ಹತ್ತಿರ ಎಂಟು ತಿಂಗಳು ಬದುಕಿದವರು ಈ ಮಾವ. ಮೂರು ತಿಂಗಳಿಂದ ಫೈಲು, ಪುಸ್ತಕ ಎಲ್ಲ ತಡಕಿದೆ. ಇವರನ್ನು ಕೇಳಬೇಕೆಂದು ಹೊಳೆದಿರಲಿಲ್ಲ.

"ಮಾವ, ಸಮುದ್ರ ಹ್ಯಾಂಗಿರತದ?"

ಅವರು ತಲೆ ಎತ್ತಿ ಜಂತಿಯ ಮೇಲಿನ ಮಳೆಗೆ ಕಿವಿಗೊಟ್ಟರು.

"ಗೋಳಗುಮ್ಮಟದಾಗ ನಿಂತು ಕೂಗಿದ್ರ ಏಳ ಸಲ ಕೇಳಿ ನಿಲ್ಲತೈತಲ?" ಎಂದರು. "ಅಲ್ಲಿ ಯಾರೋ ಒಮ್ಮೆ ಕೂಗ್ಯಾರವಾ. ಇನ್ನೂ ನಿಂತಿಲ್ಲ."

ಮಳೆ ಇನ್ನೂ ಸುರಿಯುತ್ತಿದೆ. ಅದೇ ಜಾಗದಲ್ಲಿ, ಜೂನಿನಲ್ಲಿ ಹನಿ ಬಿದ್ದ ಅದೇ ಜಂತಿಯ ಕೆಳಗೆ ಕುಳಿತು ಬರೆಯುತ್ತಿದ್ದೇನೆ. ಪುಟ ಒಣಗಿಯೇ ಇದೆ.